ವಾರಸುದಾರರಿಲ್ಲದ ಗಂಟೆ

ದಾಂಡೇಲಿಯಿಂದ ಮಾತಾಡ್ತಿದೀನಿ. ಇವತ್ತಿನ ಕಥೆ ಕಂಪ್ಯೂಟರಿನ ಹೊಟ್ಟೆಯೊಳಗಿನದು. ನಾನು ಬಿಕಾಂ ಓದಿದವನು, ಹಾಗಾಗಿ ಲೆಕ್ಕಪತ್ರದ ಭಾಷೆಯಲ್ಲೇ ಹೇಳ್ತೀನಿ.

ಕಿರ್ದಿ ಬರೆಯುವಾಗ ಯಾವ ಬಾಬ್ತಿನದು ಅಂತ ಗೊತ್ತಾಗದ ಮೊತ್ತ ಬಂದ್ರೆ ಏನ್ ಮಾಡ್ತಾರೆ? ಅಳಿಸೋದಿಲ್ಲ. ಸಸ್ಪೆನ್ಸ್ ಖಾತೆಗೆ ಹಾಕಿ, ಮೂಲ ಹುಡುಕ್ತಾರೆ. 2010ರಲ್ಲಿ ಲಿನಕ್ಸ್ ಕರ್ನಲ್ ಬರೆಯೋರ ಮುಂದೆ ಇಂಥದ್ದೇ ಒಂದು ಲೆಕ್ಕ ಬಂದು ನಿಂತಿತ್ತು.

ಮೊದಲು ಹಿನ್ನೆಲೆ. ಕೀಬೋರ್ಡ್, ಡಿಸ್ಕ್, ನೆಟ್‌ವರ್ಕ್ ಎಲ್ಲವೂ ಪ್ರೊಸೆಸರಿಗೆ 'ಸ್ವಲ್ಪ ಇಲ್ಲಿ ನೋಡು' ಅಂತ ಹೊಡೆಯೋ ಗಂಟೆಗೆ ಇಂಟರಪ್ಟ್ ಅಂತಾರೆ. 1950ರ ದಶಕದ ಕೊನೆಗೆ ನೆದರ್ಲೆಂಡ್ಸ್‌ನಲ್ಲಿ ಎಕ್ಸ್1 ಎಂಬ ಯಂತ್ರಕ್ಕೆ ಈ ಗಂಟೆ ಜೋಡಿಸುವಾಗ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೆದರಿದ್ದರು. ಗಂಟೆ ಯಾವ ಕ್ಷಣದಲ್ಲಾದರೂ ಬರಬಹುದು. ತಪ್ಪಾದರೆ ಅದೇ ತಪ್ಪನ್ನು ಮತ್ತೆ ಮಾಡಿಸಿ ನೋಡೋಕೆ ಆಗೋದಿಲ್ಲ. ಆ ಹೆದರಿಕೆ ಇವತ್ತಿಗೂ ಹೋಗಿಲ್ಲ.

ಸಾಮಾನ್ಯ ಗಂಟೆಯನ್ನು ಕರ್ನಲ್ ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಎನ್‌ಎಂಐ ಅನ್ನೋ ಗಂಟೆಯನ್ನು ಹಾಗೆ ತಡೆಯೋಕಾಗಲ್ಲ. ಮೆಮೊರಿ ಕೆಟ್ಟಂಥ ಗಂಭೀರ ಸುದ್ದಿ ಬರೋದು ಇದೇ ದಾರಿಯಲ್ಲಿ.

2009ರ ಸೆಪ್ಟೆಂಬರ್‌ನಲ್ಲಿ ಬಂದ ಲಿನಕ್ಸ್ 2.6.31ರಲ್ಲಿ ಪರ್ಫ್ ಎಂಬ ಅಳತೆಯ ಸಲಕರಣೆ ಸೇರಿತು. ಯಾವ ಕೋಡ್ ಎಷ್ಟು ಸಮಯ ತಿಂತಿದೆ ಅಂತ ಅದು ತೋರಿಸುತ್ತೆ. ಪ್ರೊಸೆಸರಿನೊಳಗಿನ ಎಣಿಕೆ ಯಂತ್ರಗಳು ತುಂಬಿದಾಗೆಲ್ಲ ಗಂಟೆ ಹೊಡೀತಾವೆ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಅದಕ್ಕೂ ಎನ್‌ಎಂಐಯನ್ನೇ ಬಳಸಿದರು. ಯಾಕಂದ್ರೆ ಬೇರೆ ಗಂಟೆಗಳನ್ನು ತಡೆಹಿಡಿದಿರುವ ಜಾಗದಲ್ಲೂ ಅಳತೆ ಸಿಗಬೇಕಿತ್ತು.

ತೊಡಕು ಇಲ್ಲಿ ಶುರುವಾಯ್ತು ನೋಡ್ರಿ. ಒಂದು ಗಂಟೆಗೆ ಉತ್ತರ ಕೊಡ್ತಿರುವಾಗಲೇ ಇನ್ನೊಂದು ಎಣಿಕೆ ತುಂಬುತ್ತೆ. ಪರ್ಫ್ ಎರಡನ್ನೂ ಒಟ್ಟಿಗೆ ಮುಗಿಸಿಬಿಡುತ್ತೆ. ಆದರೆ ಎರಡನೇ ಗಂಟೆ ಆಗಲೇ ಸರದಿಯಲ್ಲಿ ಕಾಯ್ತಿರುತ್ತೆ. ಅದು ಬಂದಾಗ ನೋಡಿದ್ರೆ ಕೆಲಸವೇ ಇಲ್ಲ, ಕಳಿಸಿದವರೂ ಕಾಣೋದಿಲ್ಲ. ಕಾರಣ ಗೊತ್ತಿಲ್ಲದ ಎನ್‌ಎಂಐ ಬಂತು, ತಲೆ ಗಿರ್ರಂತಿದೆ, ಆದರೂ ಮುಂದುವರಿಯೋಕೆ ನೋಡ್ತೀನಿ ಅನ್ನೋ ಅರ್ಥದ ಸಂದೇಶವನ್ನು ಕರ್ನಲ್ ಬರೆಯುತ್ತೆ.

ಮೊದಮೊದಲು ಪರ್ಫ್ ಇದಕ್ಕೆ ಸುಲಭದ ದಾರಿ ಹಿಡಿದಿತ್ತು: ಅಳತೆ ನಡೆಯುತ್ತಿದ್ದಷ್ಟು ಹೊತ್ತು ಬಂದ ಎನ್‌ಎಂಐ ಎಲ್ಲವೂ ನನ್ನದೇ ಅಂತ ನುಂಗೋದು. ಸದ್ದಡಗಿತು, ನಿಜ. ಆದರೆ ಮೆಮೊರಿ ಕೆಟ್ಟ ಸುದ್ದಿಯೂ ಅದರ ಜೊತೆ ಹೊಟ್ಟೆಗೆ ಹೋಗಬಹುದಿತ್ತು. ನಮ್ಮ ದುಡ್ಡಿನ ಲೆಕ್ಕ ಇಟ್ಟಿರೋ ಸರ್ವರಿನಲ್ಲಿ ಹಾಗಾದ್ರೆ? ತಪ್ಪು ಅಂಕಿ ಸದ್ದಿಲ್ಲದೆ ಉಳೀತದೆ.

2010ರಲ್ಲಿ ಎಎಂಡಿಯ ರಾಬರ್ಟ್ ರಿಕ್ಟರ್ ತಂದ ತಿದ್ದುಪಡಿ ಶುದ್ಧ ಗುಮಾಸ್ತರ ಬುದ್ಧಿಯದು. ಒಂದೇ ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಎಣಿಕೆ ಮುಗಿಸಿದ್ರೆ ಮಾತ್ರ, ಮುಂದಿನ ಗಂಟೆಯ ಕ್ರಮಸಂಖ್ಯೆ ಗುರುತು ಹಾಕ್ಕೊಳ್ಳೋದು. ಆ ಸಂಖ್ಯೆಯದು ವಾರಸುದಾರರಿಲ್ಲದೆ ಬಂದ್ರೆ ನುಂಗಬಹುದು. ಉಳಿದದ್ದೆಲ್ಲ ದೂರಿನ ಪುಸ್ತಕಕ್ಕೆ.

2011ರಲ್ಲಿ ರೆಡ್ ಹ್ಯಾಟ್‌ನ ಡಾನ್ ಜಿಕಸ್ ಇನ್ನೊಂದು ಪುರಾವೆ ಸೇರಿಸಿದರು. ಎರಡು ಗಂಟೆಗಳ ನಡುವೆ ಪ್ರೋಗ್ರಾಂ ಒಂದು ಹೆಜ್ಜೆಯೂ ಸರಿದಿಲ್ಲವಾದ್ರೆ, ಎರಡನೆಯದು ಮೊದಲಿನದರ ಬೆನ್ನಿಗೇ ಬಂದದ್ದು ಅಂತ ಲೆಕ್ಕ.

ಹೀಗೆ ಮಾಡಿದ್ರೂ ನೂರಕ್ಕೆ ನೂರು ಖಾತ್ರಿ ಇಲ್ಲ. ಗುರುತು ಹಾಕಿದ ಜಾಗಕ್ಕೇ ನಿಜವಾದ ದೂರು ಬಂದು ಬೀಳಬಹುದು. ಆದರೆ ಎಲ್ಲವನ್ನೂ ನುಂಗೋದಕ್ಕೂ, ಕಾರಣ ಬರೆದಿಟ್ಟು ಒಂದನ್ನು ಬಿಡೋದಕ್ಕೂ ಬಹಳ ಫರಕಿದೆ. ಆಡಿಟ್ ಮಾಡೋರನ್ನ ಕೇಳಿ ನೋಡಿ. ಲೆಕ್ಕ ತಪ್ಪಿದ್ದಕ್ಕಿಂತ, ತಾಳೆಯಾಗ್ಲಿ ಅಂತ ಮುಚ್ಚಿಟ್ಟದ್ದೇ ಅವರಿಗೆ ಹೆಚ್ಚಿನ ತಲೆನೋವು.

ಮುಂದಿನ ವಾರ ಸಿಗೋಣ.