ಹೆರಿ ಅಂತ ಸರ್ಕಾರ ಹೇಳಿದಾಗ ಹೆರೋರು ಯಾರು?



ಕ್ಷೇತ್ರ ಮರುವಿಂಗಡಣೆ ಆದ್ರೆ ದಕ್ಷಿಣದ ಎಂಪಿ ಸೀಟಿನ ಪಾಲು ಕಮ್ಮಿಯಾಗುತ್ತೆ, ಅದಕ್ಕೆ ನಮ್ಮೋರು ಮಕ್ಕಳನ್ನ ಜಾಸ್ತಿ ಮಾಡ್ಕೋಬೇಕು ಅಂತ ಆಫೀಸಿನಲ್ಲಿ ಟೀ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ರು. ಆಂಧ್ರದ ಚಂದ್ರಬಾಬು ನಾಯ್ಡು ಕೂಡ 2024ರಲ್ಲಿ ಜಾಸ್ತಿ ಮಕ್ಕಳು ಬೇಕು ಅಂದಿದ್ರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪಂಚಾಯ್ತಿ ಚುನಾವಣೆಗೆ ನಿಲ್ಲಂಗಿಲ್ಲ ಅನ್ನೋ ಹಳೇ ಕಾನೂನನ್ನ ಅದೇ ವರ್ಷ ಅಲ್ಲಿ ತೆಗೆದೂ ಹಾಕಿದ್ರು. ನನಗೆ ಮಾತ್ರ ರೊಮೇನಿಯಾ ನೆನಪಾಯ್ತು.

1966ರ ಅಕ್ಟೋಬರ್. ಚೌಷೆಸ್ಕು ಸರ್ಕಾರ 770ನೇ ಆಜ್ಞೆ ಹೊರಡಿಸಿತು. ದೇಶಕ್ಕೆ ಜನ ಬೇಕು, ಕಾರ್ಖಾನೆಗೆ ಆಳು ಬೇಕು. 45 ದಾಟದ, ನಾಲ್ಕು ಮಕ್ಕಳಾಗದ ಹೆಂಗಸರಿಗೆ ಕೆಲವು ವಿನಾಯಿತಿ ಬಿಟ್ಟರೆ ಗರ್ಭಪಾತ ಬಂದ್. ಗರ್ಭನಿರೋಧಕ ಸಿಗೋದೇ ಕಷ್ಟ. 25 ದಾಟಿಯೂ ಮಕ್ಕಳಿಲ್ಲದವರಿಗೆ ಹೆಚ್ಚುವರಿ ತೆರಿಗೆ. 1966ರಲ್ಲಿ ಹುಟ್ಟಿದ ಮಕ್ಕಳು ಸುಮಾರು 2.74 ಲಕ್ಷ, 1967ರಲ್ಲಿ 5.28 ಲಕ್ಷ!

ಆಮೇಲೆ ಜನನ ಮತ್ತೆ ಇಳೀತು. ಹೆಂಗಸರು ಕದ್ದುಮುಚ್ಚಿ ದಾರಿ ಹುಡುಕಿದ್ರು. ದುಡ್ಡಿದ್ದೋರಿಗೆ ಡಾಕ್ಟರು ಸಿಕ್ಕಿದ್ರು, ಇಲ್ಲದೋರು ಸತ್ತರು. ಹಾಗೆ ಸತ್ತವರು ಸುಮಾರು 10 ಸಾವಿರ ಅಂತ ಅಂದಾಜು. 80ರ ದಶಕದಲ್ಲಂತೂ ಕಾರ್ಖಾನೆಗೇ ಬಂದು ಹೆಂಗಸರನ್ನ ಬಸುರಾಗಿದ್ದೀರಾ ಅಂತ ಪರೀಕ್ಷೆ ಮಾಡ್ತಿದ್ರು. (ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.)

ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದ್ವು. 1989ರ ಹೊತ್ತಿಗೆ ಲಕ್ಷಕ್ಕೂ ಮೇಲೆ. ಅದರಲ್ಲಿ ರೋಮಾ ಮಕ್ಕಳದ್ದು ಅವರ ಜನಸಂಖ್ಯೆಗೆ ಮೀರಿದ ಪಾಲು. ರೋಮಾ ಅಂದ್ರೆ ಗೊತ್ತಲ್ಲ? ಶತಮಾನಗಳ ಹಿಂದೆ ನಮ್ಮ ಭಾರತದಿಂದಲೇ ಹೋದವರು, ಆ ನೆಲದಲ್ಲಿ 1856ರವರೆಗೂ ಗುಲಾಮರಾಗಿದ್ದವರು. ಹೆರಿ ಅಂದೋರು ಯಾರೋ, ಹೆತ್ತ ಮಕ್ಕಳು ಹೋಗಿ ಬಿದ್ದದ್ದು ಎಲ್ಲೋ.

1989ರ ಡಿಸೆಂಬರಿನಲ್ಲಿ ಬೀದಿಗಿಳಿದವರಲ್ಲಿ ಆ ಆಜ್ಞೆಯ ಕಾಲದಲ್ಲಿ ಹುಟ್ಟಿದ 20-22ರ ಹುಡುಗರು ತುಂಬಾ ಇದ್ರು. ಡಿಸೆಂಬರ್ 25ಕ್ಕೆ ಚೌಷೆಸ್ಕುವನ್ನ ಗುಂಡಿಟ್ಟು ಕೊಂದ್ರು. ಮಾರನೇ ದಿನವೇ 770 ರದ್ದು.

ನಮ್ಮಲ್ಲಿ 1938ರಲ್ಲೇ ಬಾಬಾಸಾಹೇಬರ ಪಕ್ಷ ಮುಂಬೈ ಶಾಸನಸಭೆಗೆ ಸಂತಾನ ನಿಯಂತ್ರಣದ ನಿರ್ಣಯ ತಂದಿತ್ತು. ಪಿ.ಜೆ. ರೋಹಂ ಮಂಡಿಸಿದ್ರು. ಮೇಲಿಂದ ಮೇಲೆ ಬಸಿರಾಗಿ ಸವೆಯೋ ಹೆಣ್ಣಿನ ಆರೋಗ್ಯ, ಬಡವರ ಸಂಸಾರ, ಇವೇ ಅದರ ವಾದ. ಸಭೆ ಅದನ್ನ ಸೋಲಿಸಿತು. ಬಾಬಾಸಾಹೇಬರು ತಲೆ ಎಣಿಸೋಕೆ ಮುಂಚೆ ತಾಯಿಯ ಮೈ ನೋಡಿದ್ರು.

ಮಾರನೇ ದಿನ ಟೀ ಹೊತ್ತಿಗೆ ಅವರನ್ನ ಕೇಳಿದೆ, "ಸರ್, ನಿಮಗೆಷ್ಟು ಮಕ್ಕಳು?"

"ಒಬ್ಬಳೇ ಮಗಳು. ಈಗಿನ ಖರ್ಚಲ್ಲಿ ಒಂದೇ ಸಾಕಪ್ಪ" ಅಂದ್ರು.