ಗಾಲಿ ಹಲಗೆಯ ಬಳಗ: ಕರ್ನಾಟಕದ ಸ್ಕೇಟ್‌ಬೋರ್ಡಿಂಗ್ ಮತ್ತು ಅದನ್ನು ಬೆಳೆಸಿದ ಅಂಗಡಿ

ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಗಾಲಿಗಳನ್ನು ಜೋಡಿಸಿದ ಮರದ ಹಲಗೆ. ಹಿಡಿಯಲು ಹಿಡಿಕೆಯಿಲ್ಲ, ನಿಲ್ಲಿಸಲು ಬ್ರೇಕ್ ಇಲ್ಲ, ಪಾದಕ್ಕೆ ಕಟ್ಟಿಕೊಳ್ಳಲು ಪಟ್ಟಿಯೂ ಇಲ್ಲ. ಸವಾರನ ಸಮತೋಲನವೊಂದೇ ಅದರ ಚುಕ್ಕಾಣಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಮಹಿಳೆಯರ 'ಸ್ಟ್ರೀಟ್' ವಿಭಾಗದ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ಕೇವಲ 13 ವರ್ಷ ಎಂಬುದು ಜಗತ್ತಿನ ಗಮನ ಸೆಳೆದಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೂ ಈ ಆಟ ಮುಂದುವರಿಯಿತು.

ಆದರೆ ಕರ್ನಾಟಕದಲ್ಲಿ ಸ್ಕೇಟ್‌ಬೋರ್ಡಿಂಗ್ ಬೇರೂರಿದ್ದು ಕ್ರೀಡಾಂಗಣದ ಮೂಲಕವಲ್ಲ. ಬೆಂಗಳೂರಿನ ಬೆರಳೆಣಿಕೆಯ ಯುವಕರು ತಮಗೆ ಬೇಕಾದ ಹಲಗೆಯನ್ನು ತಾವೇ ತರಿಸಿ, ತಾವೇ ಮಾರಿ, ತಾವೇ ಕಲಿಸಿ, ಕೊನೆಗೆ ಆಡುವ ನೆಲವನ್ನೂ ತಾವೇ ಕಟ್ಟಿಕೊಂಡ ಕಥೆ ಇದು. ಈ ಕಥೆಯಲ್ಲಿ ಅಂಗಡಿ, ಶಾಲೆ, ಸಂಘ ಇವೆಲ್ಲ ಬೇರೆ ಬೇರೆಯಲ್ಲ.

ಕಡಲಿನಿಂದ ಬೀದಿಗೆ

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಅಲೆ ಇಲ್ಲದ ದಿನ ಸುಮ್ಮನೆ ಕೂರಲಾರದ ಸರ್ಫಿಂಗ್ ಪ್ರಿಯರು 1950ರ ದಶಕದಲ್ಲಿ ಹಲಗೆಗೆ ರೋಲರ್ ಸ್ಕೇಟ್‌ನ ಗಾಲಿಗಳನ್ನು ಜೋಡಿಸಿ ರಸ್ತೆಗೆ ಇಳಿದರು. ಆಗಿನ ಗಾಲಿಗಳು ಗಡುಸಾಗಿದ್ದು, ಸಣ್ಣ ಕಲ್ಲು ಸಿಕ್ಕರೂ ಸವಾರ ಮುಗ್ಗರಿಸುತ್ತಿದ್ದ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಎಂಬುವರು ಪಾಲಿಯುರೆಥೇನ್ ಗಾಲಿಗಳನ್ನು ಮಾರುಕಟ್ಟೆಗೆ ತಂದ ನಂತರ ಆಟದ ಸ್ವರೂಪವೇ ಬದಲಾಯಿತು. ಈ ಗಾಲಿಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಅದೇ ದಶಕದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾಗೆ ಬರ ಬಂದು ಈಜುಕೊಳಗಳು ಬರಿದಾದಾಗ ಹುಡುಗರು ಅವುಗಳ ಬಾಗಿದ ಗೋಡೆಗಳ ಮೇಲೆ ಸವಾರಿ ಮಾಡತೊಡಗಿದರು. ಇಂದಿನ ಸ್ಕೇಟ್ ಪಾರ್ಕ್‌ಗಳ ಬಟ್ಟಲಿನಾಕಾರದ ಹೊಂಡಗಳು ಆ ಈಜುಕೊಳಗಳ ವಾರಸುದಾರರೇ ಸರಿ.

ಮತ್ತೊಂದು ತಿರುವು 'ಓಲಿ'. ಹಲಗೆಯ ಹಿಂತುದಿಯನ್ನು ಕಾಲಿನಿಂದ ನೆಲಕ್ಕೆ ಬಡಿದು, ಮುಂಗಾಲನ್ನು ಮೇಲಕ್ಕೆ ಉಜ್ಜುತ್ತ ಎಳೆದರೆ ಕೈ ಹಚ್ಚದೆಯೇ ಹಲಗೆ ಸವಾರನೊಡನೆ ನೆಗೆಯುತ್ತದೆ. ಫ್ಲಾರಿಡಾದ ಅಲನ್ ಗೆಲ್ಫಾಂಡ್ 1970ರ ದಶಕದ ಕೊನೆಯಲ್ಲಿ ಇಳಿಜಾರಿನ ಗೋಡೆಯ ಮೇಲೆ ಇದನ್ನು ಸಾಧಿಸಿದರೆ, ರಾಡ್ನಿ ಮಲ್ಲೆನ್ 1980ರ ದಶಕದ ಆರಂಭದಲ್ಲಿ ಅದನ್ನು ಸಮತಟ್ಟು ನೆಲಕ್ಕೆ ತಂದರು. ಅಲ್ಲಿಂದಾಚೆಗೆ ಮೆಟ್ಟಿಲು, ಕಟ್ಟೆ, ಕಂಬಿ ಎಲ್ಲವೂ ಆಟದ ಸಾಮಗ್ರಿಯಾದವು.

ಹಲಗೆಯ ಒಳಗುಟ್ಟು

ನೋಡಲು ಸರಳವೆನಿಸಿದರೂ ಸ್ಕೇಟ್‌ಬೋರ್ಡ್ ಹಲವು ಬಿಡಿಭಾಗಗಳ ಜೋಡಣೆ. ಅವು ಹೀಗಿವೆ:

ಡೆಕ್: ಸವಾರ ನಿಲ್ಲುವ ಹಲಗೆ. ಸಾಮಾನ್ಯವಾಗಿ ಮೇಪಲ್ ಮರದ 7 ತೆಳು ಪದರಗಳನ್ನು ಅಂಟಿಸಿ, ಒತ್ತಿ ತಯಾರಿಸುತ್ತಾರೆ. ಉದ್ದ ಸುಮಾರು 31ರಿಂದ 32 ಇಂಚು, ಅಗಲ 8 ಇಂಚಿನ ಆಸುಪಾಸು.

ಗ್ರಿಪ್ ಟೇಪ್: ಡೆಕ್‌ನ ಮೇಲೆ ಅಂಟಿಸುವ, ಉಜ್ಜುಕಾಗದದಂಥ ಒರಟು ಹಾಳೆ. ಪಾದ ಜಾರದಂತೆ ಹಿಡಿಯುವುದು ಇದೇ.

ಟ್ರಕ್: ಗಾಲಿಗಳನ್ನು ಹಿಡಿದಿಡುವ ಲೋಹದ ಅಚ್ಚು. ಇದರೊಳಗಿನ ಬುಷ್‌ಗಳು ಅದುಮಿಕೊಳ್ಳುವುದರಿಂದಲೇ ಸವಾರ ಮೈ ವಾಲಿಸಿದ ಕಡೆಗೆ ಹಲಗೆ ತಿರುಗುತ್ತದೆ.

ಗಾಲಿ: ಬೀದಿ ಆಟಕ್ಕೆ 50ರಿಂದ 54 ಮಿ.ಮೀ. ವ್ಯಾಸದ ಗಡುಸು ಗಾಲಿಗಳೇ ಹೆಚ್ಚು ಬಳಕೆಯಲ್ಲಿವೆ.

ಬೇರಿಂಗ್: ಪ್ರತಿ ಗಾಲಿಗೆ ಎರಡರಂತೆ ಒಟ್ಟು 8. ಇವು '608' ಎಂಬ ಅಳತೆಯವು. ಹೊರವ್ಯಾಸ 22 ಮಿ.ಮೀ., ಒಳರಂಧ್ರ 8 ಮಿ.ಮೀ.

ಈ ಪಟ್ಟಿಯಲ್ಲಿ ನಮ್ಮ ಊರುಗಳಲ್ಲಿ ಸಲೀಸಾಗಿ ಸಿಗುವುದು ಕೊನೆಯದೊಂದೇ. 608 ಬೇರಿಂಗ್ ಸಣ್ಣ ಮೋಟಾರುಗಳಲ್ಲಿಯೂ ಬಳಕೆಯಾಗುವುದರಿಂದ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೇಳಿ ಪಡೆಯಬಹುದು. ಡೆಕ್‌ನ ಸಂಗತಿ ಹಾಗಲ್ಲ. ಅದಕ್ಕೆ ಬೇಕಾದ ಗಟ್ಟಿ ಮೇಪಲ್ ಬೆಳೆಯುವುದು ಉತ್ತರ ಅಮೆರಿಕದ ಚಳಿ ಪ್ರದೇಶದಲ್ಲಿ. ಹಡಗು, ಸುಂಕ, ಸಾಗಾಟ ದಾಟಿ ಬರುವ ಈ ಹಲಗೆ ಸವೆಯುವ ವಸ್ತುವೂ ಹೌದು. ತುದಿ ಬಡಿದು ಬಡಿದು ಚೂಪಾಗುತ್ತದೆ, ನೆಗೆತ ತಪ್ಪಿದರೆ ನಡುವೆಯೇ ಮುರಿಯುತ್ತದೆ, ಮಳೆಗಾಲದಲ್ಲಿ ನೆನೆದರೆ ಪದರ ಬಿಚ್ಚಿಕೊಳ್ಳುತ್ತದೆ. ನಿತ್ಯ ಆಡುವವರಿಗೆ ಹಲಗೆ ಆಗಾಗ ಬರುವ ಖರ್ಚು.

ಆಟದ ಸಾಮಾನಿನ ಅಂಗಡಿಯಲ್ಲಿ ಮಕ್ಕಳ ಆಟಿಕೆಯೆಂದು ಮಾರುವ ಪ್ಲಾಸ್ಟಿಕ್ ಟ್ರಕ್‌ನ ಹಲಗೆಗೂ ಇದಕ್ಕೂ ಅಜಗಜಾಂತರ. ಗಾಲಿ ತಿರುಗದ, ಮೈ ವಾಲಿಸಿದರೂ ದಿಕ್ಕು ಬದಲಿಸದ ಆಟಿಕೆಯ ಮೇಲೆ ಕಲಿಯಲು ಹೋಗಿ ಬಿದ್ದ ಮಗು ಆಟದ ಮೇಲೆಯೇ ಬೇಸರಪಡುವುದು ಸಹಜ. ಯಾವುದು ಆಟಿಕೆ, ಯಾವುದು ಸಲಕರಣೆ ಎಂದು ಹೇಳಿಕೊಡುವವರು ಬೇಕಾಗುವುದು ಇಲ್ಲಿಯೇ.

ಬೆಂಗಳೂರಿನ ಬಳಗ

ಭಾರತದಲ್ಲಿ ಸ್ಕೇಟ್ ಪಾರ್ಕ್‌ಗಳ ಆರಂಭದ ಮಾತು ಬಂದಾಗ ಬ್ರಿಟನ್ ಮೂಲದ ನಿಕ್ ಸ್ಮಿತ್ ಅವರ ಹೆಸರು ಬಾರದೆ ಇರದು. 2000ರ ದಶಕದಲ್ಲಿ ಗೋವಾದಲ್ಲಿ ಪಾರ್ಕ್ ಕಟ್ಟಿದ ಅವರು, ಬಳಿಕ ಬೆಂಗಳೂರಿನ ಸರ್ಜಾಪುರ ರಸ್ತೆಯ 'ಪ್ಲೇ ಅರೇನಾ' ಆಟದ ಆವರಣದ ಪಾರ್ಕ್‌ಗೂ ಕೈಜೋಡಿಸಿದರು. ಅಲ್ಲಲ್ಲಿ ಒಬ್ಬೊಬ್ಬರಾಗಿ ಕಲಿಯುತ್ತಿದ್ದ ನಗರದ ಹುಡುಗರಿಗೆ ಪರಸ್ಪರ ಭೇಟಿಯಾಗಲು ಒಂದು ತಾಣ ದೊರೆತಂತಾಯಿತು.

ಇದೇ ಹೊತ್ತಿನಲ್ಲಿ, ಅಂದರೆ 2010ರ ದಶಕದ ಆರಂಭದಲ್ಲಿ, ಬೆಂಗಳೂರಿನಲ್ಲಿ 'ಹೋಲಿಸ್ಟೋಕ್ಡ್ ಕಲೆಕ್ಟಿವ್' ರೂಪುಗೊಂಡಿತು. ಹೆಸರೇ ಹೇಳುವಂತೆ ಇದು ಗೆಳೆಯರ ಕೂಟ. ವಿದೇಶದಿಂದ ಹಲಗೆ, ಗಾಲಿಗಳನ್ನು ತರಿಸಿ ಸವಾರರಿಗೆ ಮಾರುವುದು ಅದರ ಒಂದು ಮುಖವಾದರೆ, ಹೊಸಬರಿಗೆ ಕಲಿಸುವುದು, ಪಾರ್ಕ್ ಕಟ್ಟುವುದು ಇನ್ನೊಂದು ಮುಖ. 2013ರಲ್ಲಿ ಲೀವೈಸ್ ಕಂಪನಿಯ ನೆರವು, ಜರ್ಮನಿಯ ಪಾರ್ಕ್ ನಿರ್ಮಾಣಗಾರರ ಮಾರ್ಗದರ್ಶನದಲ್ಲಿ ನಗರದಲ್ಲಿ ಕಾಂಕ್ರೀಟ್ ಪಾರ್ಕೊಂದು ತಲೆಯೆತ್ತಿತು. ಹೊರದೇಶಗಳಿಂದ ಬಂದ ಸವಾರರೂ ಇಲ್ಲಿನ ಹುಡುಗರೂ ಒಟ್ಟಾಗಿ ಸಿಮೆಂಟು ಕಲಸಿ, ಕರಣೆ ಹಿಡಿದು ದುಡಿದರು. ಈ ನಿರ್ಮಾಣದ ಕುರಿತು ಸಾಕ್ಷ್ಯಚಿತ್ರವೂ ಹೊರಬಂತು.

ಆ ದುಡಿಮೆಯ ಫಲ ಒಂದು ಪಾರ್ಕ್‌ಗೆ ಸೀಮಿತವಾಗಲಿಲ್ಲ. ಬಾಗಿದ ಮೇಲ್ಮೈಯನ್ನು ಕಾಂಕ್ರೀಟಿನಲ್ಲಿ ನುಣುಪಾಗಿ ತೀಡುವುದು ಸಾಮಾನ್ಯ ಗಾರೆ ಕೆಲಸವಲ್ಲ. ಒಂದು ಉಬ್ಬು ಉಳಿದರೂ ಗಾಲಿ ತಡೆಯುತ್ತದೆ. ಆ ಕಸುಬು ಕಲಿತ ಕೈಗಳು ಕರ್ನಾಟಕದಲ್ಲಿಯೇ ತಯಾರಾದವು ಎಂಬುದು ಗಮನಾರ್ಹ.

ಅಂಗಡಿಯ ಕಟ್ಟೆ

ಸ್ಕೇಟ್ ಅಂಗಡಿಯನ್ನು ಜಗತ್ತಿನಾದ್ಯಂತ ಸವಾರರು ನಮ್ಮೂರಿನ ಅರಳಿಕಟ್ಟೆಯಂತೆ ಕಾಣುತ್ತಾರೆ. ಕೊಳ್ಳುವುದಿಲ್ಲದಿದ್ದರೂ ಅಲ್ಲಿ ಹೋಗಿ ಕೂರಬಹುದು. ಯಾವ ಬಡಾವಣೆಯಲ್ಲಿ ನುಣುಪಾದ ನೆಲವಿದೆ, ಎಲ್ಲಿ ಕಾವಲುಗಾರರು ಓಡಿಸುತ್ತಾರೆ, ಯಾರು ಪೆಟ್ಟು ಮಾಡಿಕೊಂಡಿದ್ದಾರೆ ಎಂಬೆಲ್ಲ ಸುದ್ದಿ ಮೊದಲು ತಲುಪುವುದು ಅಲ್ಲಿಗೆ. ಅಂಗಡಿಗಳು ಊರಿನ ಉತ್ತಮ ಸವಾರರನ್ನು ತಮ್ಮ ತಂಡವೆಂದು ಗುರುತಿಸಿ ಹಲಗೆ ನೀಡುತ್ತವೆ. ಪ್ರತಿ ವರ್ಷ ಜೂನ್ 21ರಂದು ನಡೆಯುವ 'ಗೋ ಸ್ಕೇಟ್‌ಬೋರ್ಡಿಂಗ್ ಡೇ'ಯಂದು ಎಲ್ಲರನ್ನೂ ಬೀದಿಗೆ ಕರೆತರುವವರಲ್ಲಿ ಅಂಗಡಿಯವರೂ ಇರುತ್ತಾರೆ.

ಈ ವ್ಯಾಪಾರದ ಲಾಭಾಂಶ ಮಾತ್ರ ತೆಳು. ದೊಡ್ಡ ಕ್ರೀಡಾ ಮಳಿಗೆಗಳೂ ಜಾಲತಾಣಗಳೂ ಆರಂಭಿಕರ ಹಲಗೆಯನ್ನು ಕಡಿಮೆ ಬೆಲೆಗೆ ಮನೆ ಬಾಗಿಲಿಗೇ ಮುಟ್ಟಿಸುತ್ತಿವೆ. ಇದರಿಂದ ಸಣ್ಣ ಊರಿನ ಮಗುವಿಗೂ ಹಲಗೆ ಕೈಗೆಟುಕಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಪೆಟ್ಟಿಗೆಯಲ್ಲಿ ಬಂದ ಹಲಗೆ ಬೀಳುವುದನ್ನು ಕಲಿಸುವುದಿಲ್ಲ. ಟ್ರಕ್‌ನ ನಟ್ಟು ಎಷ್ಟು ಬಿಗಿಯಿರಬೇಕೆಂದು ಹೇಳುವುದಿಲ್ಲ. ಅಂಗಡಿ ಉಳಿಯಬೇಕಾದರೆ ತರಗತಿ, ಪಾರ್ಕ್ ನಿರ್ಮಾಣ, ಉಡುಪು ಮಾರಾಟದಂಥ ಪೂರಕ ಆದಾಯ ಅನಿವಾರ್ಯವಾಗುತ್ತದೆ.

ಬಿದ್ದು ಕಲಿಯುವವರ ರೀತಿನೀತಿ

ಎಡಗಾಲು ಮುಂದಿಟ್ಟು ನಿಲ್ಲುವವರು 'ರೆಗ್ಯುಲರ್', ಬಲಗಾಲು ಮುಂದಿಡುವವರು 'ಗೂಫಿ'. ಎರಡರಲ್ಲಿ ಮೇಲುಕೀಳಿಲ್ಲ. ಬಳಗದ ಅಲಿಖಿತ ನಿಯಮಗಳೂ ಸರಳ: ಸರದಿ ಕಾಯಬೇಕು, ಮತ್ತೊಬ್ಬರ ದಾರಿಗೆ ಅಡ್ಡ ಹೋಗಬಾರದು, ಕಷ್ಟದ ವರಸೆ ಸಾಧಿಸಿದವರು ಯಾರೇ ಆಗಿರಲಿ ಹಲಗೆಯನ್ನು ನೆಲಕ್ಕೆ ಕುಟ್ಟಿ ಶಹಬ್ಬಾಸ್ ಎನ್ನಬೇಕು. ಇಲ್ಲಿ ಹತ್ತು ವರ್ಷದ ಬಾಲಕ ಮೂವತ್ತರ ಸಾಫ್ಟ್‌ವೇರ್ ಉದ್ಯೋಗಿಗೆ ಪಾಠ ಹೇಳುವುದು ಅಪರೂಪವಲ್ಲ.

ಪೆಟ್ಟು ಈ ಆಟದ ಪಾಲು. ಬೀಳುವಾಗ ಕೈಯೂರುವುದು ಮನುಷ್ಯ ಸಹಜವಾದ್ದರಿಂದ ಮಣಿಕಟ್ಟಿಗೆ ಹೆಚ್ಚು ಅಪಾಯ. ಹೆಲ್ಮೆಟ್, ಮಣಿಕಟ್ಟು ಕಾಪು, ಮೊಣಕಾಲು ಪಟ್ಟಿ ಕಲಿಯುವವರಿಗೆ ಕಡ್ಡಾಯವೆಂದೇ ತಿಳಿಯಬೇಕು. ವಾಹನ ಓಡಾಡುವ ರಸ್ತೆಯಲ್ಲಿ ಅಭ್ಯಾಸ ಸಲ್ಲದು.

ಹುಡುಗಿಯರ ಪಾಲು

ಬೆಂಗಳೂರಿನ ಅತಿತಾ ವರ್ಗೀಸ್ ಅವರು ಈ ಕ್ಷೇತ್ರದಲ್ಲಿ ಎದ್ದುಕಾಣುವ ಹೆಸರು. ಹೋಲಿಸ್ಟೋಕ್ಡ್ ಬಳಗದ ನಡುವೆ ಹಲಗೆ ಏರಿದ ಅವರು 'ಗರ್ಲ್ ಸ್ಕೇಟ್ ಇಂಡಿಯಾ' ಎಂಬ ವೇದಿಕೆ ಆರಂಭಿಸಿ, ಹೊರದೇಶಗಳ ಸವಾರಿಣಿಯರನ್ನು ಕರೆತಂದು, ದೇಶದ ಹಲವೆಡೆ ಹುಡುಗಿಯರಿಗೆ ಕಲಿಸಿದರು. ಬೀದಿಯಲ್ಲಿ ಹುಡುಗಿ ಬೀಳುವುದನ್ನು ನಾಲ್ಕು ಜನ ನಿಂತು ನೋಡುವ ನಾಡಿನಲ್ಲಿ, ಬಿದ್ದು ಎದ್ದು ಮತ್ತೆ ಹಲಗೆ ಏರುವುದಕ್ಕೆ ಜೊತೆಗಾತಿಯರು ಬೇಕೇ ಬೇಕು. ಆ ಜೊತೆಯನ್ನು ಒದಗಿಸಿದ್ದೇ ಈ ವೇದಿಕೆಯ ಸಾಧನೆ.

ಹಳ್ಳಿಗೂ ಹೊರತಲ್ಲ

ಇದು ಮಹಾನಗರದ ಉಳ್ಳವರ ಶೋಕಿ ಎಂಬ ಮಾತಿಗೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಗ್ರಾಮ ಉತ್ತರ ಕೊಟ್ಟಿದೆ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಅವರು 2015ರಲ್ಲಿ ಅಲ್ಲಿ 'ಜನ್ವಾರ್ ಕ್ಯಾಸಲ್' ಪಾರ್ಕ್ ತೆರೆದರು. ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಸರದಿಯಲ್ಲಿ ಹುಡುಗಿಯರೇ ಮೊದಲು ಎಂಬ ಎರಡೇ ನಿಯಮ. ಆದಿವಾಸಿ ಮಕ್ಕಳೂ ಇತರರೂ ಒಂದೇ ಹಲಗೆ ಹಂಚಿಕೊಂಡು ಆಡಿದರು. ಆ ಊರಿನ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ರಾಜಸ್ಥಾನದ ಖೇಮ್‌ಪುರದಲ್ಲಿ, 2021ರಲ್ಲಿ ತೆರೆಕಂಡ 'ಸ್ಕೇಟರ್ ಗರ್ಲ್' ಚಿತ್ರಕ್ಕಾಗಿ ಕಟ್ಟಿದ ಪಾರ್ಕನ್ನು ಚಿತ್ರೀಕರಣದ ನಂತರ ಕೆಡವದೆ ಮಕ್ಕಳಿಗೇ ಬಿಡಲಾಯಿತು.

ಬೆಳಗಾವಿ ಸೀಮೆಯಿಂದ ನೋಡಿದರೆ

ಗಾಲಿಯ ಆಟ ಬೆಳಗಾವಿ ಜಿಲ್ಲೆಗೆ ಹೊಸತಲ್ಲ. ಪಾದಕ್ಕೆ ಕಟ್ಟುವ ರೋಲರ್ ಸ್ಕೇಟ್‌ನಲ್ಲಿ ಬೆಳಗಾವಿಯ ಮಕ್ಕಳು ಬಹಳ ಹಿಂದಿನಿಂದಲೂ ಹೆಸರು ಮಾಡಿದ್ದಾರೆ. ಸಾಲಾಗಿ ನಿಲ್ಲಿಸಿದ ಕಾರುಗಳಡಿ ನೆಲಕ್ಕೆ ಮೈ ಚಾಚಿ ನುಸುಳುವ 'ಲಿಂಬೊ ಸ್ಕೇಟಿಂಗ್'ನಲ್ಲಿ ಬೆಳಗಾವಿಯ ರೋಹನ್ ಕೋಕಣೆ 2011ರಲ್ಲಿ ಮುಂಬೈಯಲ್ಲಿ 38.68 ಮೀಟರ್ ಕ್ರಮಿಸಿ ಗಿನ್ನೆಸ್ ದಾಖಲೆ ಬರೆದಿದ್ದರು. ಅಂದರೆ ತರಬೇತುದಾರ, ಅಂಗಣ, ಪಾಲಕರ ಬೆಂಬಲ ಮೂರೂ ಕೂಡಿದರೆ ಗಡಿ ಜಿಲ್ಲೆಯ ಮಕ್ಕಳು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ ಮನೆಯಲ್ಲೇ ಇದೆ. ಆಡಳಿತದ ದೃಷ್ಟಿಯಿಂದಲೂ ಇವೆರಡು ಒಂದೇ ಮನೆಯ ಆಟಗಳು. ದೇಶದಲ್ಲಿ ರೋಲರ್ ಸ್ಕೇಟಿಂಗ್ ಫೆಡರೇಷನ್ ಆಫ್ ಇಂಡಿಯಾ, ಜಗತ್ತಿನ ಮಟ್ಟದಲ್ಲಿ 'ವರ್ಲ್ಡ್ ಸ್ಕೇಟ್' ಎರಡನ್ನೂ ನೋಡಿಕೊಳ್ಳುತ್ತವೆ. 2022ರಲ್ಲಿ ಗುಜರಾತಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸ್ಕೇಟ್‌ಬೋರ್ಡಿಂಗ್ ಸ್ಪರ್ಧೆಯೂ ಇತ್ತು.

ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂಥ ಊರಿನ ಹುಡುಗ ಇಂದು ಮೊಬೈಲಿನಲ್ಲಿ ವರಸೆ ನೋಡಿ, ಹಲಗೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಲ್ಲ. ಅವನಿಗೆ ಸಿಗದಿರುವುದು ಎರಡು: ಪಕ್ಕದಲ್ಲಿ ನಿಂತು ತಿದ್ದುವ ಬಳಗ ಮತ್ತು ನುಣುಪಾದ ನೆಲ. ಡಾಂಬರು ಕಿತ್ತ ರಸ್ತೆಯಲ್ಲಿ, ಮಣ್ಣಿನ ಅಂಗಳದಲ್ಲಿ 52 ಮಿ.ಮೀ. ಗಾಲಿ ಉರುಳದು.

ನೆಲದ ಪ್ರಶ್ನೆ

ಈ ಆಟದ ಅಳಿವು ಉಳಿವು ನಿಂತಿರುವುದು ನೆಲದ ಮೇಲೆಯೇ. ಖಾಸಗಿ ಜಾಗದಲ್ಲಿ, ಬಾಡಿಗೆ ಕರಾರಿನ ಮೇಲೆ ಕಟ್ಟಿದ ಪಾರ್ಕ್‌ನ ಆಯುಷ್ಯ ಕರಾರಿನಷ್ಟೇ. ಬೆಂಗಳೂರಿನಲ್ಲಿ ಭೂಮಿಯ ಬೆಲೆ ಏರಿದಂತೆ ಕಾಂಕ್ರೀಟ್ ಹೊಂಡಕ್ಕಿಂತ ಅಪಾರ್ಟ್‌ಮೆಂಟ್ ಮಾಲೀಕರಿಗೆ ಲಾಭದಾಯಕ. ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದೆಡೆ ಹೋಗಬಹುದು, ತಿಂಗಳುಗಟ್ಟಲೆ ತೀಡಿದ ಇಳಿಜಾರನ್ನು ಒಯ್ಯಲಾಗದು.

ಹಾಗೆಂದು ಇದು ಕೋಟಿಗಳ ಬೇಡಿಕೆಯೂ ಅಲ್ಲ. ಆರಂಭಕ್ಕೆ ಬೇಕಾದದ್ದು ಬ್ಯಾಡ್ಮಿಂಟನ್ ಅಂಕಣದ ಎರಡರಷ್ಟು ನುಣುಪು ಕಾಂಕ್ರೀಟ್, ಮೊಣಕಾಲಿಗಿಂತ ತಗ್ಗಿನ ಒಂದು ಕಟ್ಟೆ, ಒಂದು ಸಣ್ಣ ಇಳಿಜಾರು. ನಗರಪಾಲಿಕೆ, ಪಟ್ಟಣ ಪಂಚಾಯಿತಿಗಳು ಉದ್ಯಾನದಲ್ಲಿ ಜಾರುಬಂಡೆಗೆ ಮೀಸಲಿಡುವಂತೆ ಇದಕ್ಕೂ ಒಂದು ಮೂಲೆ ಬಿಟ್ಟರೆ ಉಳಿದ ಕೆಲಸ ಮಾಡಲು ಬಳಗ ಸಿದ್ಧವಿದೆ. ಅಂಗಡಿ ನಡೆಸುತ್ತಲೇ ಸಿಮೆಂಟು ಕಲಸಿದ ಬೆಂಗಳೂರಿನ ಹುಡುಗರು ಅದನ್ನು ಈಗಾಗಲೇ ತೋರಿಸಿಕೊಟ್ಟಿದ್ದಾರೆ.