ಡೀಜೆ ಹುಡುಗನ ನಾಲ್ಕು ಕನ್ನಡ ಹಾಡು

ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಊಟಕ್ಕೆ ಒಬ್ಬ ಡೀಜೆಯನ್ನು ಕರೆಸಿದ್ದೆವು. ವಾಳೂಜ್ ಕಡೆಯ ಮರಾಠಿ ಹುಡುಗ. ಮದುವೆ, ಹುಟ್ಟುಹಬ್ಬ, ಗಣಪತಿ, ಏಪ್ರಿಲ್ 14ರ ಭೀಮ ಜಯಂತಿ ಅಂತ ವರ್ಷವಿಡೀ ಕೈತುಂಬ ಕೆಲಸ ಅವನಿಗೆ. ಸ್ಪೀಕರು ಜೋಡಿಸುತ್ತಲೇ ಕೇಳಿದ, "ಕನ್ನಡದವು ನಾಲ್ಕು ಅವೆ ಕಾಕಾ, ಸಾಕಲ್ವಾ?"

ಆ ನಾಲ್ಕು ಯಾವುವು ಅಂತ ನೀವೇ ಊಹಿಸಿಬಿಡಬಹುದು. ಸಂಪತ್ತಿಗೆ ಸವಾಲ್ (1974) ಚಿತ್ರದ ಎಮ್ಮೆ ಹಾಡು. ಆಕಸ್ಮಿಕ (1993) ಚಿತ್ರದ ಕನ್ನಡ ನಾಡಿನ ಹಾಡು. ಜನುಮದ ಜೋಡಿಯ (1996) ಜಂಗಮದೇವನ ಹಾಡು. ಆಮೇಲೆ ಮುಂಗಾರು ಮಳೆಯ (2006) ಒಂದು. ಕೊನೆಯದು ಕುಣಿಯುವ ಹಾಡೇ ಅಲ್ಲ, ಆದರೂ ಎಲ್ಲ ಕಡೆ ಇರುತ್ತದೆ. ಹೊರನಾಡ ಕನ್ನಡಿಗರ ರೇಷನ್ ಕಾರ್ಡು ಅನ್ನಿ. ನಾಸಿಕ್ಕಿನಲ್ಲಿ ಹನ್ನೆರಡು ವರ್ಷ, ಆಮೇಲೆ ಇಷ್ಟು ವರ್ಷ ಔರಂಗಾಬಾದಿನಲ್ಲಿ ಕಳೆದಿದ್ದೇನೆ. (2023ರಿಂದ ಊರಿನ ಹೆಸರು ಛತ್ರಪತಿ ಸಂಭಾಜಿನಗರ, ನನ್ನ ನಾಲಿಗೆಗೆ ಇನ್ನೂ ಹೊರಳುತ್ತಿಲ್ಲ, ಕ್ಷಮಿಸಿ.) ಎಲ್ಲಿ ಹೋದರೂ ಕನ್ನಡ ಅಂದರೆ ಇವೇ ನಾಲ್ಕು.

ನಾನು ಸಿದ್ಧನಾಗಿಯೇ ಹೋಗಿದ್ದೆ. ಅರವತ್ತು ಹಾಡು ತುಂಬಿದ ಪೆನ್‌ಡ್ರೈವ್ ಕೊಟ್ಟೆ. ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಓಡಿಸಿ, "ಇದರಲ್ಲಿ ನಡೆಯೋದು ಯಾವುದು?" ಅಂದ. ಉತ್ತರ ಹೊಳೆಯಲಿಲ್ಲ. ಅರವತ್ತೂ ನನಗೆ ನಡೆಯುತ್ತವೆ. ಎದುರಿಗೆ ಕೂತ ನೂರಿಪ್ಪತ್ತು ಜನಕ್ಕೆ ಯಾವುದು ನಡೆಯುತ್ತದೆ ಅನ್ನೋದು ಬೇರೆಯೇ ಲೆಕ್ಕ.

ಆ ಲೆಕ್ಕ ಅವನೇ ಹೇಳಿಕೊಟ್ಟ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಬಂದಾಗಿನಿಂದ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್. ನಮ್ಮವರ ಭಾಷಣ ಮುಗಿಯುವುದು ಎಂಟೂ ಕಾಲಿಗೆ (ಅದೂ ದೇವರ ದಯೆಯಿಂದ). ಉಳಿದದ್ದು ಒಂದೂ ಮುಕ್ಕಾಲು ಗಂಟೆ. ಹಾಡಿಗೆ ಮೂರು ನಿಮಿಷ ಹಿಡಿದರೂ ಮೂವತ್ತೈದು ಹಾಡು. ಗೊತ್ತಿಲ್ಲದ ಒಂದು ಹಾಡು ಹಾಕಿದರೆ ಗೊತ್ತಿರುವ ಒಂದು ಹಾಡು ಹೊರಗೆ. "ಮೂರು ಗೊತ್ತಿರೋದು, ಒಂದು ಗೊತ್ತಿಲ್ಲದ್ದು. ಗೊತ್ತಿಲ್ಲದ್ದು ಬಂದಾಗ ಜನ ನೀರು ಕುಡಿಯೋಕೆ ಹೋಗ್ತಾರೆ, ಹೋಗಲಿ. ಐಸ್‌ಕ್ರೀಮ್ ಹಿಡಕೊಂಡು ವಾಪಸ್ ಬಂದರೆ ಚಿಂತೆ ಇಲ್ಲ. ಕುರ್ಚಿ ಮೇಲೆ ಕೂತುಬಿಟ್ಟರೆ ಮಾತ್ರ ಮತ್ತೆ ಎಬ್ಬಿಸೋದು ಕಷ್ಟ ಕಾಕಾ."

ಈ ಪಾಠ ನನಗೆ 1987ರಲ್ಲೇ ಆಗಬೇಕಿತ್ತು. ಆಗ ನಾಸಿಕ್ಕಿನ ಸಾತಪುರದಲ್ಲಿದ್ದೆ. ನಮ್ಮ ಕಾಲೊನಿಯ ಗಣಪತಿಗೆ ಹಾಡು ಹಾಕುವವನು ನಾನೇ. ಎರಡು ಟೇಪ್‌ರೆಕಾರ್ಡರ್, ಒಂದು ಆಂಪ್ಲಿಫೈಯರ್, ಕಿಸೆಯಲ್ಲಿ ಪೆನ್ಸಿಲ್. ಒಂದು ಕ್ಯಾಸೆಟ್ ಹಾಡುತ್ತಿರುವಾಗ ಇನ್ನೊಂದನ್ನು ಪೆನ್ಸಿಲಿನಲ್ಲಿ ಸುತ್ತಿ ಸರಿಯಾದ ಜಾಗಕ್ಕೆ ತಂದಿಡಬೇಕು. ಕುಣಿತ ಚೆನ್ನಾಗಿ ಕಾವೇರಿದ ಹೊತ್ತಿನಲ್ಲಿ ನಾನು 'ಕಾಡು ಕುದುರೆ' ಹಾಕಿದೆ. ಚಂದ್ರಶೇಖರ ಕಂಬಾರರು ಬರೆದು ನಿರ್ದೇಶಿಸಿದ ಚಿತ್ರದ ಹಾಡು, ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟದ್ದು. ಕನ್ನಡದ ಗಾಯಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದನ್ನು ಕೇಳಿಸಿ ಮರಾಠಿಯವರಿಗೆ ನಮ್ಮ ನಾಡೇನು ತೋರಿಸಿಬಿಡೋಣ ಅಂತ ಹುಮ್ಮಸ್ಸು ನನಗೆ. ಅರ್ಧ ಹಾಡಿಗೆ ಮೈದಾನ ಖಾಲಿ! ಗದಗಿನ ಕಡೆಯ ಹಿರಿಯರೊಬ್ಬರು ಬಂದು, "ಏನ್ ಹಚ್ಚೀಯೋ ತಮ್ಮಾ, ಯಾರರೆ ತೀರಿಕೊಂಡಾರೇನು?" ಅಂದರು. ಕನ್ನಡದವರೇ ಹಾಗಂದ ಮೇಲೆ ಯಾರಿಗೆ ಹೇಳೋಣ?

ಹಾಡು ಹಿಟ್ ಆಗುವುದು ಅದು ಒಳ್ಳೆಯದಾಗಿರುವುದರಿಂದ ಅಂತ ನಾನು ಬಹಳ ಕಾಲ ನಂಬಿದ್ದೆ. ರೇಡಿಯೋದ ಇತಿಹಾಸ ನೋಡಿದರೆ ಬೇರೆ ಕಥೆ. ಮಂತ್ರಿ ಕೇಸ್ಕರರ ಕಾಲದಲ್ಲಿ, 1952ರಲ್ಲಿ, ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾದವು. ಜನ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಮೊದಮೊದಲು ಅದರಲ್ಲಿ ಮೇಲು ಕೆಳಗು ಇರಲಿಲ್ಲ, ಏಳು ಹಾಡು ಬರುತ್ತಿದ್ದವು ಅಷ್ಟೇ. ಆಮೇಲೆ ಹಾಡುಗಳಿಗೆ ಕ್ರಮಾಂಕ ಬಂತು, ಒಂದನೇ ನಂಬರ್ ಯಾವುದು ಅಂತ ಪಣ ಕಟ್ಟುವ ಹುಚ್ಚೂ ಬಂತು. 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಹುಟ್ಟಿದ ಮೇಲೆ ಕಾರ್ಡು ಬರೆದು ಹಾಡು ಕೇಳುವ ಫರ್ಮಾಯಿಶ್ ಕಾಲ. ಕೇಳಿದ್ದನ್ನೇ ಹಾಕುತ್ತಾರೆ, ಹಾಕಿದ್ದನ್ನೇ ಮತ್ತೆ ಕೇಳುತ್ತಾರೆ. ಜನಕ್ಕೆ ಬೇಕಾಗಿದ್ದು ಹಿಟ್ ಆಯಿತೋ, ಹಿಟ್ ಆಗಿದ್ದು ಜನಕ್ಕೆ ಬೇಕಾಯಿತೋ, ಬಿಡಿಸಿ ಹೇಳುವುದು ಕಷ್ಟ.

ಒಬ್ಬರು ಪ್ಲೇಟು ಮಗುಚಿದ್ದರಿಂದ ಇತಿಹಾಸವೇ ಮಗುಚಿದ್ದೂ ಉಂಟು. ಬಿದ್ದು ಗೊತ್ತಲ್ಲ? ಕೊಡಗಿನ ಮನೆತನದವರು, ಬೆಂಗಳೂರಲ್ಲಿ ಹುಟ್ಟಿದವರು, ಅರವತ್ತರ ದಶಕದಲ್ಲಿ ಲಂಡನ್ನಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನ ರೆಕಾರ್ಡು ಮಾಡುತ್ತಿದ್ದರು. ಮುಖ್ಯ ಹಾಡಿಗೆ ಸಮಯವೆಲ್ಲ ಖರ್ಚಾಗಿ, ಹಿಂಬದಿಗೊಂದು ಹಾಡು ಬೇಕಲ್ಲ ಅಂತ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸಿದ್ದು 'ಕುಂಗ್ ಫೂ ಫೈಟಿಂಗ್'. ಕಂಪನಿಯವರು ಕೇಳಿ, ಇದೇ ಮುಂದಿನ ಬದಿಗಿರಲಿ ಅಂದರು. ಇಂಗ್ಲೆಂಡು, ಅಮೆರಿಕಾ ಎರಡರಲ್ಲೂ ಒಂದನೇ ನಂಬರ್! ಮುಂದೆ ಇದೇ ಬಿದ್ದು ಕುರ್ಬಾನಿ (1980) ಚಿತ್ರಕ್ಕೆ ನಾಜಿಯಾ ಹಸನ್ ಕೈಯಲ್ಲಿ ಹಾಡಿಸಿದ್ದು ನಮ್ಮ ನಾಸಿಕ್ಕಿನ ಗಣಪತಿ ಪೆಂಡಾಲುಗಳಲ್ಲೂ ಮೊಳಗಿತು. ಮಗುಚುವವರು ಸಿಗದೆ ಹಿಂಬದಿಯಲ್ಲೇ ಸತ್ತ ಹಾಡು ಎಷ್ಟಿವೆಯೋ.

ಅಂದ ಹಾಗೆ, ಯಾರಿಗೂ ಗೊತ್ತಿಲ್ಲದ ಹಾಡಿಗೇ ಜನ ಮುಗಿಬಿದ್ದದ್ದೂ ಇದೆ. ಎಪ್ಪತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ವಿಗನ್‌ನಂಥ ಊರುಗಳಲ್ಲಿ ಹುಡುಗರು ರಾತ್ರಿಯಿಡೀ ಕುಣಿಯುತ್ತಿದ್ದದ್ದು ಅಮೆರಿಕಾದಲ್ಲಿ ಮಾರಾಟವಾಗದೆ ಉಳಿದ ರೆಕಾರ್ಡುಗಳಿಗೆ. ಬೇರೆ ಡೀಜೆಗಳಿಗೆ ಹೆಸರು ತಿಳಿಯಬಾರದು ಅಂತ ಲೇಬಲ್ ಮೇಲೆ ಕಾಗದ ಅಂಟಿಸುತ್ತಿದ್ದರಂತೆ. ಆದರೆ ಅಲ್ಲಿಗೆ ಬರುವವರು ಅದಕ್ಕೆಂದೇ ಬರುತ್ತಿದ್ದರು. ನಮ್ಮಲ್ಲಿ ಬರುವುದು ಹೋಳಿಗೆ ಊಟಕ್ಕೆ.

ಮಹಾರಾಷ್ಟ್ರದ ಈ ಭಾಗದಲ್ಲಿ ಇದಕ್ಕೊಂದು ಬೇರೆಯೇ ದಾರಿ ಹಳೆಯ ಕಾಲದಿಂದ ಇದೆ. ಹೊಸ ಹಾಡನ್ನು ಹಳೆಯ ಧಾಟಿಯ ಬೆನ್ನ ಮೇಲೆ ಕೂರಿಸಿ ತರುವುದು. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, 1843ರಲ್ಲಿ ಹುಟ್ಟಿದವರು. 1880ರಲ್ಲಿ ಪುಣೆಯಲ್ಲಿ ಶಾಕುಂತಲ, 1882ರಲ್ಲಿ ಸೌಭದ್ರ ಆಡಿಸಿದರು. ಮರಾಠಿ ಮಾತಿನ ಆ ಪದಗಳಿಗೆ ಅವರು ಕನ್ನಡ ಸೀಮೆಯ ಧಾಟಿಗಳನ್ನೂ ಧಾರಾಳವಾಗಿ ಬಳಸಿಕೊಂಡರು. ಮರಾಠಿ ನಾಟಕದ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ 'ಚಾಲ್' ಅಂತ ಮೂಲ ಹಾಡನ್ನು ಸೂಚಿಸುವ ಪದ್ಧತಿ, ನಮ್ಮ ಕಂಪನಿ ನಾಟಕಗಳಲ್ಲಿ 'ಮಟ್ಟು' ಅಂತ ಹಾಕುತ್ತಿದ್ದರಲ್ಲ, ಹಾಗೆ.

ನಾಸಿಕ್ಕಿನಿಂದ ಔರಂಗಾಬಾದಿಗೆ ಬಸ್ಸಿನಲ್ಲಿ ಬರುವಾಗ ಯೇವಲಾ ಸಿಗುತ್ತದೆ. 1935ರ ಅಕ್ಟೋಬರ್ 13ರಂದು, ನಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಘೋಷಿಸಿದ ಊರು. ಅದಕ್ಕೆ ಐದು ವರ್ಷ ಮೊದಲು, 1930ರ ಮಾರ್ಚ್ 2ರಿಂದ, ನಾಸಿಕ್ಕಿನ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ. ಆ ಮೂವತ್ತರ ದಶಕದಲ್ಲಿ ನಾಸಿಕ್ ಜಿಲ್ಲೆಯ ಭೀಮರಾವ್ ಕರ್ಡಕರ ಜಲಸಾ ತಂಡ ತಮಾಷಾ ಆಟದ ರೂಪವನ್ನೇ ಹಿಡಿದು ಚಳವಳಿಯ ಮಾತನ್ನು ಹಳ್ಳಿಹಳ್ಳಿಗೆ ಒಯ್ಯಿತು. ಇದೇ ಜಿಲ್ಲೆಯ ಸಿನ್ನರ್ ತಾಲೂಕಿನ ದೇಶವಂಡಿಯಲ್ಲಿ 1922ರಲ್ಲಿ ಹುಟ್ಟಿದ ವಾಮನದಾದಾ ಕರ್ಡಕ್ ಅಕ್ಷರ ಕಲಿತದ್ದೇ ದೊಡ್ಡವರಾದ ಮೇಲೆ. ಹಿಂದಿ ಸಿನಿಮಾ ಹಾಡಿನ ಅಣಕದಿಂದ ಶುರುಮಾಡಿ, 2004ರಲ್ಲಿ ತೀರಿಕೊಳ್ಳುವ ತನಕ ಸಾವಿರಾರು ಹಾಡು ಕಟ್ಟಿದರು. ಜನಕ್ಕೆ ಧಾಟಿ ಗೊತ್ತು, ಮಾತು ಗೊತ್ತಿಲ್ಲ. ಕಾಲು ತಾನಾಗಿ ತಾಳ ಹಾಕುವಾಗ ಕಿವಿ ಹೊಸ ಮಾತಿಗೆ ತೆರೆಯುತ್ತದೆ. ಓದು ಬಾರದ ಜನಕ್ಕೆ ಅದು ಪತ್ರಿಕೆ, ಪುಸ್ತಕ ಎರಡೂ ಆಗಿತ್ತು.

ನಮ್ಮ ಡೀಜೆ ಹುಡುಗನಿಗೆ ವಾಮನದಾದಾ ಗೊತ್ತು, ಅವನ ಅಜ್ಜ ಹಾಡುತ್ತಿದ್ದನಂತೆ. ಭಡಕಲ್ ಗೇಟಿನ ಜಯಂತಿ ಮೆರವಣಿಗೆಯಲ್ಲಿ ಹಾಕುತ್ತೀಯೇನು ಅಂತ ಕೇಳಿದೆ. "ಒಂದೆರಡು ಹಾಕ್ತೀನಿ. ಹಿರಿಯರು ಟ್ರಕ್ ಹತ್ತಿರ ಬಂದು ನಿಂತು ಕೇಳ್ತಾರೆ. ಹುಡುಗರು ಮೊಬೈಲ್ ತೆಗೀತಾರೆ. ಆಮೇಲೆ ರೀಮಿಕ್ಸ್ ಹಾಕಲೇಬೇಕು." ಅಂದರೆ ಅವನ ಮನೆಯಲ್ಲೂ ನಮ್ಮದೇ ತಕರಾರು. ಅದು ಕೇಳಿ ಸಮಾಧಾನವಾಯಿತು ಅಂದರೆ ತಪ್ಪಾದೀತು, ಆದರೆ ಆಮೇಲೆ ನಾವಿಬ್ಬರೂ ಒಂದೇ ಕಡೆಯವರಾಗಿ ಪಟ್ಟಿ ನೋಡತೊಡಗಿದೆವು.

ಪೆನ್‌ಡ್ರೈವಿನಲ್ಲಿ 'ಮನಸು ಮಲ್ಲಿಗೆ' (2017) ಸಿಕ್ಕಿತು. ಮರಾಠಿಯ ಸೈರಾಟ್ (2016) ಚಿತ್ರದ ಕನ್ನಡ ರೂಪ. ಅಜಯ್-ಅತುಲ್ ಅವರ 'ಝಿಂಗಾಟ್' ಅದೇ ಧಾಟಿಯಲ್ಲಿ ಕನ್ನಡ ಮಾತಿಗೆ ಬಂದಿತ್ತು. ಹುಡುಗ ಹೆಡ್‌ಫೋನಿನಲ್ಲಿ ಹತ್ತು ಸೆಕೆಂಡು ಕೇಳಿ ಗಟ್ಟಿಯಾಗಿ ನಕ್ಕ. ಒಂಬತ್ತು ಗಂಟೆ ಸುಮಾರಿಗೆ ಹಾಕಿದ. ಮೊದಲ ಬಡಿತಕ್ಕೇ ಎಲ್ಲರೂ ಎದ್ದರು. ಅಡುಗೆಯ ಮರಾಠಿ ಹುಡುಗರೂ ಬಂದರು. ಮಾತು ಕನ್ನಡದಲ್ಲಿ ಬಂದಾಗ ಒಂದು ಕ್ಷಣ ಎಲ್ಲ ಮುಖ ಮುಖ ನೋಡಿಕೊಂಡರು, ನಕ್ಕರು, ಮತ್ತೆ ಕುಣಿದರು. ಇಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಮರಾಠಿಯಲ್ಲೇ ಉತ್ತರ ಕೊಡುವ ನಮ್ಮ ಮೊಮ್ಮಕ್ಕಳು ಆ ಮಾತು ಏನು ಅಂತ ಅಜ್ಜಿಯರನ್ನು ಕೇಳಿದ್ದು ಅವತ್ತೇ.

ಹುಡುಗ ನನ್ನ ಕಡೆ ನೋಡಿದ. ನಾನು ಬೆರಳು ತೋರಿಸಿದೆ. ಬಡಿತ ನಿಲ್ಲಿಸದೆ, ಅದರ ಮೇಲೇ ಸುಬ್ಬಣ್ಣನವರ ದನಿಯನ್ನು ನಿಧಾನ ಏರಿಸಿದ. 1987ರ ನಂತರ ಮೊದಲ ಸಲ ನಾಲ್ಕು ಜನರ ಎದುರು ಕಾಡು ಕುದುರೆ. ಅರ್ಧದಷ್ಟು ಜನ ಐಸ್‌ಕ್ರೀಮಿಗೆ ಹೋದರು. ಉಳಿದವರು ನಿಂತರು, ಕುಣಿಯಲಿಲ್ಲ, ನಿಂತರು. ಗದಗಿನ ಆ ಹಿರಿಯರು ಈಗಿಲ್ಲ. ಐಸ್‌ಕ್ರೀಮಿನವರಲ್ಲಿ ಹೆಚ್ಚಿನವರು ವಾಪಸ್ ಬಂದರು, ಕೆಲವರು ಕುರ್ಚಿ ಹಿಡಿದರು. ಹುಡುಗ ತಕ್ಷಣ ಎಮ್ಮೆ ಹಾಡಿಗೆ ಜಿಗಿದ, ಕುರ್ಚಿಯವರೂ ಎದ್ದರು.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹಾಲಿನವರು ದೀಪ ಆರಿಸಿ ಹಾಕಿ ಎಚ್ಚರಿಕೆ ಕೊಟ್ಟರು. ವಯರು ಸುತ್ತುತ್ತ ಹುಡುಗ ಆ ಹಾಡನ್ನು ತನ್ನ ಲ್ಯಾಪ್‌ಟಾಪಿಗೂ ಹಾಕಿಕೊಂಡ. ಕನ್ನಡದ ನಾಲ್ಕಕ್ಕೆ ಇದು ಐದನೆಯದು. ಹೆಸರು ಏನಂತ ಬರೆದುಕೊಂಡೆ ಅಂತ ಬಗ್ಗಿ ನೋಡಿದೆ. 'ಕಾನಡೀ ಘೋಡಾ, ಜೇವಣಾನಂತರ್' ಅಂತಿತ್ತು. ಕನ್ನಡದ ಕುದುರೆ, ಊಟವಾದ ಮೇಲೆ.